ಕೇಳುವ ದಿನದವರೆಗೆ ಗುಟ್ಟು: ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಮದುವೆಯ ಪ್ರಸ್ತಾಪಕ್ಕೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಮದುವೆಯ ಮಾತು ಹುಡುಗಿಯ ಕಿವಿಗೆ ಬೀಳುವ ಹೊತ್ತಿಗೆ ಊರೆಲ್ಲ ಸುತ್ತಿ ಬಂದಿರುತ್ತದೆ. ಸೋದರಮಾವನಿಗೆ ಗೊತ್ತು, ಓಣಿಯ ಹಿರಿಯರಿಗೆ ಗೊತ್ತು, ಜಾತಕ ನೋಡಿದವರಿಗೂ ಗೊತ್ತು. ಕೊನೆಗೆ ಅವಲಕ್ಕಿ, ಚಹಾ ತಂದಿಟ್ಟವಳನ್ನು ಹತ್ತು ಜನರ ನಡುವೆ ಕೂರಿಸಿ "ಒಪ್ಪಿಗೆಯೇನಮ್ಮ?" ಎಂದು ಕೇಳುತ್ತಾರೆ. ಅಲ್ಲಿ "ಇಲ್ಲ" ಎನ್ನುವ ಧೈರ್ಯ ಎಷ್ಟು ಜನರಿಗೆ ಬಂದೀತು?

ಪ್ರೀತಿಸಿದವಳನ್ನು ಮುಂಚೆ ಸುಳಿವು ಕೊಡದೆ, ಒಂಟಿಯಾಗಿ, ಚೆಂದದ ಜಾಗದಲ್ಲಿ ನಿಲ್ಲಿಸಿಕೊಂಡು ಕೇಳುವುದರ ಬೆಲೆ ಇರುವುದು ಇಲ್ಲಿಯೇ. ಊರಿಗೆ ಗೊತ್ತಾಗುವ ಮೊದಲು ಅವಳಿಗೆ ಗೊತ್ತಾಗಬೇಕು. ಅವಳು ಏನು ಹೇಳಿದರೂ ಅದು ಅವಳದೇ ಉತ್ತರವಾಗಿರಬೇಕು. ಗುಟ್ಟು ಕಾಪಾಡುವುದು ಅದಕ್ಕಾಗಿ. ಮುಂದಿನ ಪ್ರತಿ ಹೆಜ್ಜೆಯನ್ನೂ ಈ ಒಂದು ಮಾತಿಗೆ ಒರೆಹಚ್ಚಿ ನೋಡಿ. ಹಿರಿಯರು ಒಪ್ಪಿ ನಿಶ್ಚಿತಾರ್ಥದ ಮಾತು ನಡೆದಿರುವ ಜೋಡಿಗೂ ಇದು ಸಲ್ಲುತ್ತದೆ. ಎರಡು ಮನೆಯವರು ಕೇಳಿಕೊಂಡಿದ್ದಾರೆ ನಿಜ, ನೀವು ಅವಳನ್ನು ಕೇಳಿದ್ದೀರಾ?

ಬರೆಯುವ ಅನುಕೂಲಕ್ಕೆ "ಅವಳು" ಎಂದಿದ್ದೇನೆ. ಹುಡುಗಿಯೇ ಕೇಳುವುದಾದರೂ ಕ್ರಮ ಇದೇ.

ಮೊದಲ ಹೆಜ್ಜೆ: ಉತ್ತರದ ಅಂದಾಜು

ಯಾವಾಗ ಕೇಳುತ್ತೀರಿ, ಎಲ್ಲಿ ಕೇಳುತ್ತೀರಿ ಎಂಬುದು ಅವಳಿಗೆ ಅಚ್ಚರಿಯಾಗಬೇಕು. ಮದುವೆಯ ವಿಷಯವೇ ಅಚ್ಚರಿಯಾಗಬಾರದು. ಮದುವೆಯಾದ ಮೇಲೆ ಎಲ್ಲಿ ಇರುವುದು ಎಂಬ ಪ್ರಶ್ನೆ ನಮ್ಮಲ್ಲಿ ಬಹಳ ದೊಡ್ಡದು. ಒಬ್ಬರಿಗೆ ಬೆಂಗಳೂರು ಅಥವಾ ಪುಣೆಯಲ್ಲಿ ಕೆಲಸ, ಇನ್ನೊಬ್ಬರಿಗೆ ಧಾರವಾಡ ಬಿಡಲು ಮನಸ್ಸಿಲ್ಲ. ಅಪ್ಪ-ಅವ್ವನ ಜೊತೆ ಇರುವುದೇ, ಬೇರೆ ಮನೆ ಮಾಡುವುದೇ; ಅವಳ ಓದು, ನೌಕರಿ ಮುಂದುವರಿಯುವುದು ಹೇಗೆ; ಸಾಲ ಎಷ್ಟಿದೆ; ವರದಕ್ಷಿಣೆಯ ಮಾತು ನಿಮ್ಮ ಮನೆಯಲ್ಲಿ ಎದ್ದರೆ ನೀವು ಯಾರ ಪಕ್ಕದಲ್ಲಿ ನಿಲ್ಲುತ್ತೀರಿ. ಇವೆಲ್ಲ ತಿಂಗಳುಗಳ ಮೊದಲೇ ಇಬ್ಬರ ನಡುವೆ ಬಂದು ಹೋಗಿರಬೇಕು. ಇವುಗಳಲ್ಲಿ ಯಾವುದಕ್ಕಾದರೂ ಅವಳು ಮಾತು ಬದಲಿಸುತ್ತಿದ್ದರೆ ಉಂಗುರ ಕೊಳ್ಳುವುದನ್ನು ಮುಂದೂಡಿ, ಮೊದಲು ಕೂತು ಮಾತನಾಡಿ.

ಜಾತಿ ಅಥವಾ ಧರ್ಮ ಬೇರೆಯಾಗಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು 30 ದಿನಗಳ ನೋಟಿಸ್ ಕೊಡಬೇಕು, ಅದನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಮನೆಯವರಿಗೆ ಯಾವಾಗ ಹೇಳಬೇಕೆಂಬ ಲೆಕ್ಕ ಹಾಕುವಾಗ ಇದು ಬೇಕಾಗುತ್ತದೆ. ಅಂಥ ಜೋಡಿಗಳು ಪ್ರಸ್ತಾಪವನ್ನು ಸಾರ್ವಜನಿಕ ಸ್ಥಳದಲ್ಲಿ ಮಾಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಪರಿಚಿತನ ಮೊಬೈಲಿನಲ್ಲಿ ಸೆರೆಯಾದ ಒಂದು ವಿಡಿಯೊ ಸಾಕು, ನಿಮ್ಮ ಮಾತನ್ನು ನಿಮಗಿಂತ ಮೊದಲು ಮನೆಗೆ ಮುಟ್ಟಿಸಲು.

ಯಾರಿಗೆ ಹೇಳಬೇಕು

ಇಬ್ಬರಿಗೆ ಸಾಕು. ಅವಳ ಕಡೆಯ ಒಬ್ಬರು, ನಿಮ್ಮ ಕಡೆಯ ಒಬ್ಬರು.

ಅವಳ ಕಡೆಯವರು ಆಪ್ತ ಗೆಳತಿಯಾಗಿದ್ದರೆ ಒಳ್ಳೆಯದು. ಉಂಗುರದ ಅಳತೆ, ಅವಳ ಕೆಲಸದ ಪಾಳಿ, ಆ ವಾರ ಅವಳ ಮನಸ್ಸು ಹೇಗಿದೆ ಎಂಬುದೆಲ್ಲ ಸಿಗುವುದು ಅಲ್ಲಿಂದಲೇ. ತಂಗಿಗೆ ಹೇಳಬಹುದೇ ಎಂದು ಬಹಳ ಜನ ಕೇಳುತ್ತಾರೆ. ಒಂದೇ ಕೋಣೆಯಲ್ಲಿ ಮಲಗುವ ಅಕ್ಕ-ತಂಗಿಯರ ನಡುವೆ ಗುಟ್ಟು ನಿಲ್ಲುವುದು ಕಷ್ಟ, ತಂಗಿಗೂ ಅದು ಹಿಂಸೆ. ನಿಮ್ಮ ಕಡೆಯ ವ್ಯಕ್ತಿ ಫೋಟೊ ತೆಗೆಯುವವರಾಗಿರಲಿ, ಸಮಯಕ್ಕೆ ಬರುವವರಾಗಿರಲಿ. ನಿಮ್ಮ ವೈನಿ ಎಷ್ಟೇ ಒಳ್ಳೆಯವರಾಗಿರಲಿ, ಅಡುಗೆಮನೆಯಲ್ಲಿ ಅವ್ವನ ಜೊತೆ ದಿನವೂ ನಾಲ್ಕು ತಾಸು ಕಳೆಯುವವರ ಮೇಲೆ ಈ ಭಾರ ಹೊರಿಸಬೇಡಿ. ಮನೆಯ ಚಿಕ್ಕ ಮಕ್ಕಳ ಮುಂದಂತೂ ಈ ಮಾತೇ ಬೇಡ.

ಹುಡುಗಿಯ ತಂದೆ-ತಾಯಿಯನ್ನು ಮೊದಲು ಕೇಳಬೇಕೇ? ಇಲ್ಲ ಎನ್ನುತ್ತೇನೆ. ಅವರ ಒಪ್ಪಿಗೆ ಪಡೆದು ಬಂದು ಅವಳ ಮುಂದೆ ನಿಂತರೆ ಅವಳಿಗೆ ಉಳಿಯುವುದು ತಲೆಯಾಡಿಸುವ ಕೆಲಸ ಮಾತ್ರ. ಮೊದಲು ಅವಳು, ಅದೇ ದಿನ ಅಥವಾ ಮರುದಿನ ಹಿರಿಯರು. ಅವರಿಗೆ ಸಲ್ಲಬೇಕಾದ ಗೌರವ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಗುಟ್ಟು ಸೋರುವ ಜಾಗಗಳು

ಮೊದಲನೆಯದು ಮೊಬೈಲ್. ವಾಟ್ಸ್ಆ್ಯಪ್ ಸಂದೇಶ ಪರದೆಯ ಮೇಲೆ ತಾನಾಗಿ ಕಾಣದಂತೆ ಮಾಡಿ. ಇಬ್ಬರೂ ಪರಸ್ಪರ ಲೊಕೇಶನ್ ಹಂಚಿಕೊಂಡಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದೇ ಅನುಮಾನಕ್ಕೆ ಕಾರಣ. ಅಂಗಡಿಗೆ ಹೋಗುವ ದಿನ ಮೊಬೈಲನ್ನು ಕಚೇರಿಯಲ್ಲೇ ಬಿಟ್ಟು ಹೋಗಿ. ಸರಾಫರ ಅಂಗಡಿಯಿಂದ "ಭೇಟಿಗೆ ಧನ್ಯವಾದ" ಎಂಬ ಸಂದೇಶ ಬಂದೇ ಬರುತ್ತದೆ. ಬಿಲ್ಲಿಗೆ ನಿಮ್ಮ ಗೆಳೆಯನ ನಂಬರ್ ಕೊಡಿ. ಒಂದೇ ಕಂಪ್ಯೂಟರ್ ಬಳಸುವವರು ಉಂಗುರ ಹುಡುಕಿದರೆ ಮುಂದೆ ವಾರಗಟ್ಟಲೆ ಉಂಗುರದ ಜಾಹೀರಾತುಗಳು ಬೆನ್ನು ಹತ್ತುತ್ತವೆ, ಅದು ಅವಳ ಕಣ್ಣಿಗೂ ಬೀಳುತ್ತದೆ.

ಎರಡನೆಯದು ನಿಮ್ಮ ಗಾಡಿ. ಧಾರವಾಡದಂಥ ಊರಿನಲ್ಲಿ ಗಾಡಿಯನ್ನು ನೋಡಿ ಮನುಷ್ಯನನ್ನು ಗುರುತಿಸುತ್ತಾರೆ. ಬಂಗಾರದ ಅಂಗಡಿಯ ಮುಂದೆ ಅದು ಅರ್ಧ ತಾಸು ನಿಂತರೆ ಸಂಜೆಯೊಳಗೆ ಯಾರಾದರೂ "ಏನು ವಿಶೇಷ?" ಎನ್ನುತ್ತಾರೆ. ಧಾರವಾಡದವರು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯಲ್ಲಿ ಕೊಳ್ಳಿ, ಇರುವುದು ಇಪ್ಪತ್ತು ಕಿಲೋಮೀಟರ್. ಗದಗ, ಹಾವೇರಿಯವರಿಗೂ ಇದೇ ದಾರಿ. ಮನೆತನದ ಸರಾಫರ ಅಂಗಡಿ ಇದ್ದರೆ ಈ ಒಂದು ಸಲ ಅಲ್ಲಿಗೆ ಹೋಗಬೇಡಿ. ಅವರು ನಿಮ್ಮ ಅಪ್ಪನ ಗೆಳೆಯರು.

ಉಂಗುರ

ಇಲ್ಲಿ ನಿಧಾನಿಸಬೇಕು, ಏಕೆಂದರೆ ಹಣ ಹೋಗುವುದೂ ಇಲ್ಲಿ, ಗುಟ್ಟು ಒಡೆಯುವುದೂ ಹೆಚ್ಚಾಗಿ ಇಲ್ಲಿಯೇ.

ಅಳತೆಗೆ ಅತ್ಯುತ್ತಮ ಉಪಾಯ ಅವಳು ಆ ಬೆರಳಿಗೇ ಹಾಕಿಕೊಳ್ಳುವ ಹಳೆಯ ಉಂಗುರ. ಗೆಳತಿ ಅದನ್ನು ಒಂದು ಮಧ್ಯಾಹ್ನ ತಂದುಕೊಟ್ಟರೆ ಅಂಗಡಿಯವರು ಅಳತೆಯ ಕೋಲಿಗೆ ಹಾಕಿ ನಂಬರ್ ಹೇಳುತ್ತಾರೆ. ತರಲಾಗದಿದ್ದರೆ ಹೀಗೆ ಮಾಡಿ. ಉಂಗುರವನ್ನು ಸ್ಕೇಲಿನ ಮೇಲಿಟ್ಟು ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಮಿಲಿಮೀಟರಿನಲ್ಲಿ ಅಳೆಯಿರಿ. ಹೊರ ಅಂಚಿನಿಂದ ಅಳೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಬಂದ ಸಂಖ್ಯೆಯನ್ನು 3.14ರಿಂದ ಗುಣಿಸಿದರೆ ಸುತ್ತಳತೆ. ಅದರಲ್ಲಿ 40 ಕಳೆದರೆ ನಮ್ಮ ಅಂಗಡಿಗಳಲ್ಲಿ ಬಳಸುವ ನಂಬರ್ ಹೆಚ್ಚುಕಡಿಮೆ ಸಿಗುತ್ತದೆ. ಒಳ ಅಳತೆ 16.5 ಮಿಲಿಮೀಟರ್ ಇದ್ದರೆ ಸುತ್ತಳತೆ ಸುಮಾರು 52, ಅಂದರೆ 12ನೇ ನಂಬರ್. ಸ್ಕೇಲ್ ಕೂಡ ಇಲ್ಲದ ಹೊತ್ತಿನಲ್ಲಿ ಹೊಸ ಸಾಬೂನಿನ ಮೇಲೆ ಉಂಗುರವನ್ನು ಒತ್ತಿ ಅಚ್ಚು ಇಳಿಸಿಕೊಳ್ಳಬಹುದು. ಬಲಗೈ, ಎಡಗೈ ಬೆರಳುಗಳು ಒಂದೇ ದಪ್ಪ ಇರುವುದಿಲ್ಲ, ಯಾವ ಕೈಯ ಉಂಗುರ ಎಂದು ಗೆಳತಿಯನ್ನು ಕೇಳಿಕೊಳ್ಳಿ. ಬಿಸಿಲುಗಾಲದಲ್ಲಿ ಬೆರಳು ಊದುತ್ತದೆ. ಎರಡು ನಂಬರುಗಳ ನಡುವೆ ಅನುಮಾನವಾದರೆ ದೊಡ್ಡದನ್ನೇ ಆರಿಸಿ.

ವಿನ್ಯಾಸ ಸರಳವಾಗಿರಲಿ. ಸುತ್ತಲೂ ಹರಳು ಕೂರಿಸಿದ ಉಂಗುರವನ್ನು ಮುಂದೆ ಹಿಗ್ಗಿಸುವುದು, ಕುಗ್ಗಿಸುವುದು ಬಹುತೇಕ ಆಗದ ಮಾತು. ಹರಳಿನ ಉಂಗುರಕ್ಕೆ 18 ಕ್ಯಾರಟ್ ಗಟ್ಟಿ, ಹರಳು ಬಿಗಿಯಾಗಿ ಕೂರುತ್ತದೆ. ಬರಿಯ ಬಂಗಾರದ್ದಾದರೆ 22 ಕ್ಯಾರಟ್ ಸರಿ. ಉಂಗುರದ ಒಳಮೈಯಲ್ಲಿ ಮೂರು ಗುರುತು ನೋಡಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, ಶುದ್ಧತೆ (22 ಕ್ಯಾರಟ್‌ಗೆ 916, 18 ಕ್ಯಾರಟ್‌ಗೆ 750), ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಕೇತ. ಹಾಲ್‌ಮಾರ್ಕ್ ಆಭರಣಗಳಿಗೆ ಈ ಸಂಕೇತ 2023ರ ಏಪ್ರಿಲ್ 1ರಿಂದ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ಅಂಗಡಿಯಲ್ಲೇ ಪರೀಕ್ಷಿಸಬಹುದು. ಮಜೂರಿ ಎಷ್ಟು, ಅಳತೆ ತಿದ್ದಲು ಹಣ ಬೇಕೇ, ಬದಲಿಸಿಕೊಳ್ಳಲು ಎಷ್ಟು ದಿನ ಅವಕಾಶ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಸಾಲ ಮಾಡಿ ದೊಡ್ಡ ಉಂಗುರ ತರಬೇಡಿ. ಆ ಸಾಲವನ್ನು ನಾಳೆ ಇಬ್ಬರೂ ಕೂಡಿ ತೀರಿಸಬೇಕಾಗುತ್ತದೆ.

ಈ ನೆಲದ್ದೇ ಒಂದು ಉಡುಗೊರೆ

ಬಲೂನು, ಥರ್ಮಾಕೋಲ್ ಅಕ್ಷರಗಳು ಎಲ್ಲ ಊರಿನಲ್ಲೂ ಒಂದೇ. ನಮ್ಮಲ್ಲಿ ಕಸೂತಿ ಇದೆ. ಮದುವೆಯಲ್ಲಿ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿ ಹೆಣ್ಣಿಗೆ ಕೊಡುತ್ತಿದ್ದ ಸೀಮೆ ಇದು. ಇಡೀ ಸೀರೆ ದುಬಾರಿ, ಬಹಳ ದಿನವೂ ಹಿಡಿಯುತ್ತದೆ. ಉಂಗುರ ಸುತ್ತಿಡಲು ಅಂಗೈ ಅಗಲದ ಬಟ್ಟೆಯ ಮೇಲೆ ಒಂದು ತೇರೋ ತುಳಸಿಕಟ್ಟೆಯೋ ಜೋಡಿ ನವಿಲೋ ಹಾಕಿಸಿ. ಕಸೂತಿಯಲ್ಲಿ ಚಿತ್ರವನ್ನು ಮೊದಲೇ ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯುತ್ತಾರೆ. ಗವಂತಿ ಹೊಲಿಗೆ ಹಿಂದೆ-ಮುಂದೆ ಎರಡೂ ಕಡೆ ಒಂದೇ ತರಹ ಕಾಣುತ್ತದೆ, ಗಂಟು ಎಲ್ಲೂ ಸಿಗುವುದಿಲ್ಲ. ಕೈಕೆಲಸವಾದ್ದರಿಂದ ಒಂದೆರಡು ತಿಂಗಳು ಮೊದಲೇ ಹೇಳಿಡಿ. ಅವಳ ಹೆಸರನ್ನು ಮಾತ್ರ ಹೊಲಿಸಬೇಡಿ. ಕಸೂತಿ ಹಾಕುವ ಹೆಣ್ಣುಮಕ್ಕಳು ಗುಂಪಾಗಿ ಕೂತು ಕೆಲಸ ಮಾಡುತ್ತಾರೆ, ಅಪರೂಪದ ಹೆಸರಾದರೆ ಓಣಿಯಿಂದ ಓಣಿಗೆ ಹೋಗುತ್ತದೆ.

ಹಾವೇರಿಯ ಏಲಕ್ಕಿ ಹಾರ ಇನ್ನೊಂದು. ಹೂವಿನಂತೆ ಬಾಡುವುದಿಲ್ಲ, ಪೆಟ್ಟಿಗೆಯಲ್ಲಿಟ್ಟರೆ ವರ್ಷಗಳ ನಂತರ ತೆರೆದಾಗಲೂ ವಾಸನೆ ಉಳಿದಿರುತ್ತದೆ. ಆದರೆ ಒಂದೇ ಹಾರ ತನ್ನಿ, ಅದನ್ನು ಅವಳ ಕೈಗೆ ಕೊಡಿ. ಇಬ್ಬರೂ ಹಾರ ಬದಲಾಯಿಸಿಕೊಂಡ ಫೋಟೊ ಹಿರಿಯರ ಕಣ್ಣಿಗೆ ಬಿದ್ದರೆ ಮದುವೆಯೇ ಮುಗಿಯಿತೆಂದು ತಿಳಿದು ನೊಂದುಕೊಳ್ಳುತ್ತಾರೆ.

ಜಾಗದ ಆಯ್ಕೆ

ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಜಾಗಕ್ಕೂ ನಿಮ್ಮಿಬ್ಬರಿಗೂ ಏನಾದರೂ ನಂಟಿದೆಯೇ? ಅಲ್ಲಿ ಪರಿಚಯದವರು ಸಿಗುವ ಸಂಭವ ಎಷ್ಟು? ಅವಳಿಗೆ ಬೇಡವೆನಿಸಿದರೆ ಅಲ್ಲಿಂದ ಸುಮ್ಮನೆ ಎದ್ದು ಹೋಗಬಹುದೇ? ಮೂರನೆಯದಕ್ಕೆ "ಇಲ್ಲ" ಎಂದಾದರೆ ಎಷ್ಟೇ ಚೆಂದದ ಜಾಗವಾದರೂ ಬಿಡಿ. ಚಿಗರಿ ಬಸ್ಸಿನಲ್ಲಿ ದಿನವೂ ಜೊತೆಯಾಗಿ ಓಡಾಡಿ ಹತ್ತಿರವಾದ ಜೋಡಿಗಳು ಎಷ್ಟೋ. ಆದರೂ ಓಡುವ ಬಸ್ಸಿನಲ್ಲಿ ಕೇಳಬೇಡಿ, ಮುಂದಿನ ನಿಲ್ದಾಣ ಬರುವವರೆಗೆ ಅವಳು ಎಲ್ಲಿಗೂ ಹೋಗಲಾರಳು. ಹೋಟೆಲಿನಲ್ಲಿ ಎಲ್ಲರ ಮುಂದೆ, ಕಚೇರಿಯ ಸಮಾರಂಭದಲ್ಲಿ, ಗೆಳೆಯನ ಮದುವೆಯ ಆರತಕ್ಷತೆಯಲ್ಲಿ ಮೈಕು ಹಿಡಿದು ಕೇಳುವುದೂ ಬೇಡ. ಚಪ್ಪಾಳೆಯ ನಡುವೆ ಬಂದ ಒಪ್ಪಿಗೆಯನ್ನು ಒಪ್ಪಿಗೆ ಎಂದು ನಂಬುವುದು ಹೇಗೆ? ಹುಬ್ಬಳ್ಳಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದುದು ಎಂಬ ಹೆಮ್ಮೆ ನನಗೂ ಇದೆ, ಆದರೆ ಧ್ವನಿವರ್ಧಕದ ಘೋಷಣೆಗಳ ನಡುವೆ ಇಂಥ ಮಾತು ಆಡಲಾಗದು.

ನೃಪತುಂಗ ಬೆಟ್ಟದಿಂದ ಹುಬ್ಬಳ್ಳಿ ಇಡಿಯಾಗಿ ಕಾಣುತ್ತದೆ, ಆದರೆ ಬೆಳಿಗ್ಗೆ ಅಲ್ಲಿ ನಡೆಯಲು ಬರುವವರಲ್ಲಿ ನಿಮ್ಮ ಕಾಕಾನೂ ಒಬ್ಬರಿರಬಹುದು. ಉಣಕಲ್ ಕೆರೆ ಸಂಜೆ ಗಿಜಿಗುಡುತ್ತದೆ. ಧಾರವಾಡದ ಸಾಧನಕೇರಿ ವಾರದ ನಡುವಿನ ದಿನ ಮುಂಜಾನೆ ಶಾಂತವಾಗಿರುತ್ತದೆ. ಇಬ್ಬರೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದವರಾಗಿದ್ದರೆ ಆ ಮರಗಳ ಸಾಲಿಗಿಂತ ಬೇರೆ ಜಾಗ ಹುಡುಕಬೇಕಿಲ್ಲ. ಹಾವೇರಿ ಕಡೆಯವರಿಗೆ ಸವಣೂರಿನ ದೊಡ್ಡ ಹುಣಸೆ (ಬಾವೊಬಾಬ್) ಮರಗಳಿವೆ. ಆಫ್ರಿಕಾ ಮೂಲದ ಆ ಮರಗಳ ಕಾಂಡವನ್ನು ತಬ್ಬಲು ಹತ್ತಾರು ಕೈ ಬೇಕು. ಅವು ಮಠದ ಆವರಣದಲ್ಲಿರುವುದರಿಂದ ಮಾತು, ನಡೆ ಎರಡೂ ತಗ್ಗಿರಲಿ. ಚಳಿಗಾಲವಾದರೆ ಗದಗ ಜಿಲ್ಲೆಯ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಪಟಾಕಿ, ಹಾಡು, ಬಣ್ಣದ ಹೊಗೆ ಅಲ್ಲಿ ಸಲ್ಲದು.

ನನ್ನನ್ನು ಕೇಳಿದರೆ ಲಕ್ಕುಂಡಿ. ಗದಗದಿಂದ ಹನ್ನೆರಡು ಕಿಲೋಮೀಟರ್, ಹುಬ್ಬಳ್ಳಿಯಿಂದ ಎಪ್ಪತ್ತರ ಆಸುಪಾಸು. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಚಿಕ್ಕ ಗುಡಿ ಇದೆ. ಎರಡು ಗುಡಿಗಳು ನೂರಾರು ವರ್ಷಗಳಿಂದ ಮುಖಾಮುಖಿಯಾಗಿ ನಿಂತಿವೆ. ಸಂಜೆಯ ಓರೆ ಬಿಸಿಲು ಬಿದ್ದಾಗ ಬಾಗಿಲುವಾಡದ ಬಳ್ಳಿಯ ಕೆತ್ತನೆ ಒಂದೊಂದೂ ಎದ್ದು ಕಾಣುತ್ತದೆ. ನನ್ನ ಕಾಕಾನ ಮಗ ಕೇಳಿದ್ದು ಅಲ್ಲಿಯೇ, ಹೊರಗಿನ ಹುಲ್ಲುಹಾಸಿನ ಅಂಚಿನಲ್ಲಿ. ಅವಳು ಕೆತ್ತನೆಯ ಹಂಸಗಳನ್ನು ಎಣಿಸುತ್ತ ಬೆನ್ನು ತಿರುಗಿಸಿ ನಿಂತಿದ್ದಳು. ಅವನು ಹೆಸರು ಹಿಡಿದು ಕರೆದ. ತಿರುಗಿದವಳು ಮೊದಲು ನೋಡಿದ್ದು ಅವನ ಕೈಯಲ್ಲಿದ್ದ ಕಸೂತಿ ಬಟ್ಟೆಯನ್ನು, ಉಂಗುರವನ್ನಲ್ಲ. "ಇದು ಗವಂತಿ ಅಲ್ಲವೇ?" ಎಂದು ಕೈಗೆ ತೆಗೆದುಕೊಂಡು ಮಡಿಕೆ ಬಿಚ್ಚಿದಳು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಅದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಪ್ರವೇಶ. ಟ್ರೈಪಾಡ್, ಡ್ರೋನ್ ಬಳಸಲು ಅನುಮತಿ ಬೇಕು. ಮೇಣದಬತ್ತಿ ಹಚ್ಚುವುದು, ಕಲ್ಲಿಗೆ ಏನಾದರೂ ಅಂಟಿಸುವುದು ಕೂಡದು. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬರುತ್ತವೆ. ಅದೇ ಊರಿನ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಉಂಗುರ ಹೊರತೆಗೆಯಬೇಡಿ. ನಡುಗುವ ಕೈಯಿಂದ ಜಾರಿದರೆ ಅದು ನೀರಿಗೇ ಹೋಗುತ್ತದೆ.

ಯಾವ ಜಾಗವನ್ನು ಆರಿಸಿದರೂ ಅದೇ ವಾರದ ದಿನ, ಅದೇ ಹೊತ್ತಿಗೆ ಒಮ್ಮೆ ಒಬ್ಬರೇ ಹೋಗಿ ನೋಡಿ ಬನ್ನಿ. ಬಿಸಿಲು ಎತ್ತಲಿಂದ ಬೀಳುತ್ತದೆ, ಗೆಳೆಯ ಎಲ್ಲಿ ನಿಲ್ಲಬಹುದು, ಶೌಚಾಲಯ ಎಲ್ಲಿದೆ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂದು ಬರೆದುಕೊಳ್ಳಿ.

ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯನ್ನು ನಂಬಿ ಹೊರಗಿನ ಯೋಜನೆ ಹಾಕಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಗದಗದ ಕಲ್ಲುಗುಡಿಗಳಲ್ಲಿ ಬರಿಗಾಲಿಡಲಾಗುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಅವಳ ಮನೆಯವರು ಅಮಾವಾಸ್ಯೆ, ಆಷಾಢ ನೋಡುವವರಾಗಿದ್ದರೆ ನೀವು ನಂಬದಿದ್ದರೂ ಆ ದಿನಗಳನ್ನು ಬಿಡಿ. ಮುಂದೆ ಯಾರಾದರೂ "ಯಾವ ದಿನ ಕೇಳಿದ?" ಎಂದಾಗ ಅವಳು ಉತ್ತರ ಹೇಳಬೇಕಾಗುತ್ತದೆ. ವಿಜಯದಶಮಿ ನನಗೆ ಬಹಳ ಇಷ್ಟ. ಬನ್ನಿ ಕೊಟ್ಟು "ಬಂಗಾರದಂತೆ ಇರೋಣ" ಎನ್ನುವ ದಿನ ಬಂಗಾರ ಕೊಡಲು ಬೇರೆ ಪೀಠಿಕೆ ಬೇಕಿಲ್ಲ. ಸಂಜೆ ಮನೆ ಮನೆಗೆ ಬನ್ನಿ ಹಂಚುವ ಓಡಾಟ ಶುರುವಾಗುವ ಮೊದಲು ಮಧ್ಯಾಹ್ನವೇ ಭೇಟಿಯಾಗಿ.

ನೆಪ

ನೆಪದಲ್ಲಿ ಮುಕ್ಕಾಲು ಪಾಲು ನಿಜ ಇರಲಿ. "ಗದಗದಲ್ಲಿ ಗೆಳೆಯನ ಮನೆಯ ಗೃಹಪ್ರವೇಶ, ಬರುವಾಗ ಲಕ್ಕುಂಡಿ ನೋಡಿಕೊಂಡು ಬರೋಣ" ಎಂದರೆ ಅವಳು ತಾನಾಗಿಯೇ ಒಳ್ಳೆಯ ಸೀರೆ ಉಟ್ಟು ಬರುತ್ತಾಳೆ. ಫೋಟೊದಲ್ಲಿ ಕಚೇರಿಯ ಬಟ್ಟೆಯಲ್ಲಿದ್ದೆ ಎಂದು ಆಮೇಲೆ ಕೊರಗಬೇಕಾಗುವುದಿಲ್ಲ. ಗೃಹಪ್ರವೇಶ ನಿಜವಾಗಿಯೂ ಇರಬೇಕು, ಹೋಗಿ ಊಟ ಮಾಡಿಯೇ ಬನ್ನಿ. ಯಾರದೋ ಕಾಯಿಲೆ, ಅಪಘಾತ, ಜಗಳ ಇಂಥ ನೆಪ ಹೇಳಿ ಅವಳನ್ನು ಓಡಿಬರುವಂತೆ ಮಾಡುವುದು ಕ್ರೌರ್ಯ. ಅಚ್ಚರಿ ಇನ್ನೂ ಚೆನ್ನಾಗಿರಲಿ ಎಂದು ವಾರಗಟ್ಟಲೆ ಮಾತು ಬಿಡುವುದೂ ಅಷ್ಟೇ.

ಕೇಳುವ ಗಳಿಗೆ

ಉಂಗುರದ ಡಬ್ಬಿ ಪ್ಯಾಂಟಿನ ಜೇಬಿನಲ್ಲಿ ಉಬ್ಬಿ ಕಾಣುತ್ತದೆ. ಡಬ್ಬಿ ಮನೆಯಲ್ಲಿರಲಿ, ಉಂಗುರವನ್ನು ಬಟ್ಟೆಯಲ್ಲಿ ಸುತ್ತಿ ಗುಂಡಿ ಇರುವ ಅಂಗಿಯ ಜೇಬಿನಲ್ಲಿಡಿ. ನೀರಿಗೋ ಕರವಸ್ತ್ರಕ್ಕೋ ಅವಳು ಕೈ ಹಾಕಬಹುದಾದ ಚೀಲದಲ್ಲಿ ಬೇಡವೇ ಬೇಡ. ಫೋಟೊ ತೆಗೆಯುವ ಗೆಳೆಯ ಅರ್ಧ ತಾಸು ಮೊದಲೇ ಬಂದು ಪ್ರವಾಸಿಯಂತೆ ಗುಡಿ ನೋಡುತ್ತಿರಲಿ. ಒಂದು ಸನ್ನೆ ಗೊತ್ತುಮಾಡಿಕೊಳ್ಳಿ: ನೀವು ನೀರಿನ ಬಾಟಲಿ ಕೆಳಗಿಟ್ಟರೆ ಅವನು ದೂರದಿಂದಲೇ ಚಿತ್ರೀಕರಣ ಶುರುಮಾಡಬೇಕು, ಹತ್ತಿರ ಬರಬಾರದು.

ಮೊಣಕಾಲೂರುವುದು ಕಡ್ಡಾಯವಲ್ಲ. ಎದುರು ನಿಂತು, ಅಥವಾ ಪಕ್ಕದಲ್ಲಿ ಕೂತು ಕೇಳಬಹುದು. ಬಾಯಿಪಾಠ ಮಾಡಿದ ಕವಿತೆಗಿಂತ ಅವಳಿಗೆ ಮಾತ್ರ ಸಲ್ಲುವ ಒಂದು ಮಾತು ದೊಡ್ಡದು. ನಿಮ್ಮ ಅವ್ವ ಆಸ್ಪತ್ರೆಯಲ್ಲಿದ್ದಾಗ ಅವಳು ರಾತ್ರಿ ಡಬ್ಬಿ ತಂದುಕೊಟ್ಟಿದ್ದನ್ನು ಹೇಳಿ, ನಿಮ್ಮ ಸಿಟ್ಟನ್ನು ಅವಳು ಹೇಗೆ ತಿದ್ದಿದಳೆಂದು ಹೇಳಿ. ಎರಡು ನಿಮಿಷ ಸಾಕು. ಆಮೇಲೆ ಸುತ್ತಿ ಬಳಸದೆ "ನನ್ನನ್ನು ಮದುವೆಯಾಗುತ್ತೀಯಾ?" ಎಂದು ಕೇಳಿ ಸುಮ್ಮನಿರಿ. ಆ ಮೌನವನ್ನು ನೀವು ತುಂಬಬೇಡಿ. ಉಂಗುರವನ್ನು ಉತ್ತರ ಬರುವ ಮೊದಲು ಬೆರಳಿಗೆ ತೊಡಿಸಬೇಡಿ.

ಉತ್ತರದ ನಂತರ

"ಯೋಚಿಸಲು ಸಮಯ ಬೇಕು" ಎಂದರೆ "ಎಷ್ಟು ಬೇಕಾದರೂ ತೆಗೆದುಕೋ" ಎನ್ನಿ, ಗೆಳೆಯನಿಗೆ ಕೈಸನ್ನೆ ಮಾಡಿ ಕ್ಯಾಮೆರಾ ನಿಲ್ಲಿಸಿ, ಆ ವಿಡಿಯೊ ಅವಳ ಮುಂದೆಯೇ ಅಳಿಸಿ. "ಇಲ್ಲ" ಎಂದರೆ ಕಾರಣಕ್ಕಾಗಿ ಕಾಡಬೇಡಿ. ಅವಳನ್ನು ಸುರಕ್ಷಿತವಾಗಿ ಮನೆಗೆ ಮುಟ್ಟಿಸಿ, ಅವಳು ಬೇರೆಯಾಗಿ ಹೋಗುತ್ತೇನೆ ಎಂದರೆ ಬಸ್ಸಿಗೆ ಹತ್ತಿಸಿ. ಇಬ್ಬರೇ ಬಲ್ಲ ಗುಟ್ಟು ಆ ಇಬ್ಬರಲ್ಲೇ ಉಳಿಯಬೇಕು, ಅವಳ "ಇಲ್ಲ" ಊರ ಬಾಯಿಗೆ ಬೀಳಬಾರದು. ಅಷ್ಟು ಕಡಿಮೆ ಜನರಿಗೆ ಹೇಳಿ ಎಂದದ್ದು ಈ ದಿನಕ್ಕಾಗಿ.

ಒಪ್ಪಿದರೆ ಮೊದಲ ಕರೆ ಅವಳ ಮನೆಗೆ, ಅವಳ ಬಾಯಿಂದಲೇ. ಎರಡನೆಯದು ನಿಮ್ಮ ಮನೆಗೆ. ಎರಡೂ ಮನೆಯವರಿಗೆ ಸುದ್ದಿ ಮುಟ್ಟುವವರೆಗೆ ಸ್ಟೇಟಸ್ ಹಾಕುವುದು ಬೇಡ. ಫೋಟೊಗಳಲ್ಲಿ ಯಾವುದನ್ನು ಯಾರಿಗೆ ತೋರಿಸಬೇಕೆಂಬುದು ಅವಳಿಗೆ ಬಿಟ್ಟದ್ದು. ಉಂಗುರ ಸಡಿಲವಿದ್ದರೆ ಬಿಲ್ಲು ಹಿಡಿದು ಆ ವಾರದಲ್ಲೇ ಅಂಗಡಿಗೆ ಹೋಗಿ, ಈ ಸಲ ಇಬ್ಬರೂ ಕೂಡಿ. ಧಾರವಾಡ ಪೇಢೆಯನ್ನು ಮೊದಲೇ ತಂದಿಟ್ಟುಕೊಳ್ಳಬೇಡಿ, ಉತ್ತರ ಬಂದ ಮೇಲೆ ಕೊಂಡರೆ ಸಾಕು. ಎರಡು ಡಬ್ಬಿ ಕೊಳ್ಳಿ, ಅವಳ ಮನೆಯದು ದೊಡ್ಡದಿರಲಿ.